ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ನೀಲಗಿರಿಯನ್ನು ಕಂಡಿರಲಿಕ್ಕಿಲ್ಲ. ಆಡುಸೋಗೆಯನ್ನು ಆಡು ಮುಟ್ಟುವುದಿಲ್ಲವಲ್ಲ ಎಂದು ನಾಟಿ ವೈದ್ಯರು ತಕರಾರು ತೆಗೆಯಬಹುದು. ತೆಗೆಯಲಿ, ಒಂದು ಸೊಪ್ಪು ತಪ್ಪಿದರೆ ಗಾದೆ ಕೆಡುವುದಿಲ್ಲ. ಗುಡ್ಡಕ್ಕೆ ಗುಡ್ಡವೇ ತಪ್ಪಿಹೋದರೆ ಮಾತ್ರ ಆಡೂ ಗಾದೆಯೂ ಕೂಡಿಯೇ ಕಂಗಾಲಾಗುತ್ತವೆ.

ಕಿತ್ತೂರಿನ ಆಚೆ ಒಂದು ನೆಡುತೋಪಿನ ಮಗ್ಗಲಲ್ಲಿ ಬಸ್ಸು ಕೆಟ್ಟು ನಿಂತಾಗ ಈ ಕಂಗಾಲನ್ನು ಕಣ್ಣಾರೆ ಕಾಣುವ ಯೋಗ ನನಗೆ ಬಂತು. ಸಾಲು ಹಿಡಿದು ನಿಂತ ಬಿಳಿ ಬೊಡ್ಡೆಗಳು, ಕೆಳಗೆ ಒಣ ಎಲೆಯ ಹಾಸು. ಆಡಿನ ಹಿಂಡೊಂದು ಈ ತುದಿಯಲ್ಲಿ ಹೊಕ್ಕು ಆ ತುದಿಯಲ್ಲಿ ಹೊರಬಿತ್ತು. ನಡುವೆ ಒಂದೂ ತಲೆ ತಗ್ಗಿಸಲಿಲ್ಲ, ಒಂದೂ ತಲೆ ಎತ್ತಲಿಲ್ಲ. ಹೊರಬಿದ್ದದ್ದೇ ತಡ, ಹಳ್ಳದ ದಂಡೆಯ ಬಾರಿ ಕಂಟಿಯೊಂದಕ್ಕೆ ಮುಗಿಬಿದ್ದವು. ಹಿಂಗಾಲ ಮೇಲೆ ನಿಂತು, ಮುಂಗಾಲನ್ನು ಟೊಂಗೆಗೆ ಕೊಟ್ಟು, ಕೊಕ್ಕಿ ಮುಳ್ಳಿನ ನಡುವೆ ತುಟಿ ತೂರಿಸಿ, ಒಂದೊಂದೇ ಎಲೆ ಬಿಡಿಸಿ ತಿನ್ನುವ ಅವುಗಳ ತಾಳ್ಮೆ ನೋಡಿದರೆ ನಮ್ಮ ಅಕ್ಕಸಾಲಿಗರು ನಾಚಬೇಕು.

"ಯಜಮಾನ್ರ, ಒಳಗ ಇವು ಏನೂ ತಿನ್ನಲಿಲ್ಲಲ್ಲ?" ಎಂದು ಆಡು ಕಾಯುವ ಅಜ್ಜನನ್ನು ಕೇಳಿದೆ.

"ತಿನ್ನಾಕ ಏನೈತ್ರಿ ಅದರಾಗ? ಅವು ಸರ್ಕಾರದ ಗಿಡ. ಸರ್ಕಾರನ ತಿನ್ನಬೇಕು," ಎಂದು ಎಲಿಅಡಿಕಿ ಉಗುಳಿ ಮುಂದೆ ಹೋದ.

ಅಜ್ಜ ಚಾಷ್ಟಿಗೆ ಅಂದರೂ ಅದರೊಳಗೆ ನಲವತ್ತು ವರ್ಷದ ಚರಿತ್ರೆ ಇತ್ತು. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯ ಎಂಬ ಮಾತು ಊರೂರಿಗೆ ಬಂದಾಗ ಗೋಮಾಳಗಳಿಗೆ ಬೇಲಿ ಹಾಕಲು ದುಡ್ಡಿರಲಿಲ್ಲ. ದನ, ಆಡು, ಕುರಿ ಮಾತ್ರ ಬೇಕಾದಷ್ಟಿದ್ದವು. ಇಂಥಲ್ಲಿ ಸಸಿ ಉಳಿಯಬೇಕಾದರೆ ಯಾರೂ ತಿನ್ನದ ಸಸಿಯನ್ನೇ ಹಚ್ಚಬೇಕು. ಆಸ್ಟ್ರೇಲಿಯಾದ ನೀಲಗಿರಿ ಬಂತು, ಅದೇ ಕಡೆಯ ಅಕೇಸಿಯಾ ಬಂತು. ಬೇಗ ಬೆಳೆಯುತ್ತವೆ, ನೆಟ್ಟಗೆ ಬೆಳೆಯುತ್ತವೆ, ಬಾಯಿ ಹಾಕುವವರಿಲ್ಲ. ಕಡತದಲ್ಲಿ ಉಳಿದ ಸಸಿಗಳ ಲೆಕ್ಕ ಚೆನ್ನಾಗಿ ಕೂಡುತ್ತದೆ. ಲೆಕ್ಕ ಬರೆದವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ನನ್ನ ಕೈಯಲ್ಲಿ ಸಾವಿರ ಸಸಿ ಕೊಟ್ಟು, ಒಂದು ಕೊಡ ನೀರೂ ಕೊಡದೆ, ಮುಂದಿನ ವರ್ಷ ಎಣಿಸಲು ಬರುತ್ತೇವೆ ಎಂದಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆನೇನೋ. ಆದರೆ ಯಾರೂ ತಿನ್ನುವುದಿಲ್ಲ ಎಂಬ ಕಾರಣಕ್ಕೇ ಆರಿಸಿದ ಗಿಡದ ಹತ್ತಿರ ಯಾರೂ ಬರುವುದಿಲ್ಲ ಎಂಬುದು ಆಮೇಲೆ ತಾನೇ ಗೊತ್ತಾಗುವ ಸಂಗತಿ. ಆಡು ಬರುವುದಿಲ್ಲ ಎಂದು ಸಂತೋಷಪಟ್ಟೆವು. ಹುಳ ಬರಲಿಲ್ಲ. ಹುಳ ಇಲ್ಲದಲ್ಲಿಗೆ ಹಕ್ಕಿ ಯಾಕೆ ಬರುತ್ತದೆ?

ನ್ಯಾಯವಾಗಿ ಹೇಳುವುದಾದರೆ ನೀಲಗಿರಿ ಹೂಬಿಟ್ಟಾಗ ಜೇನು ಬರುತ್ತವೆ. ಮನೆ ಕಟ್ಟುವವರಿಗೆ ಸೆಂಟ್ರಿಂಗ್ ಕಂಬ ಅದರದೇ. ಈ ಪ್ರಬಂಧ ಅಚ್ಚಾಗುವ ಕಾಗದದಲ್ಲೂ ಅದರ ತಿರುಳಿನ ಪಾಲು ಇರಬಹುದು. ಬಯ್ಯುವಾಗ ಸ್ವಲ್ಪ ದನಿ ತಗ್ಗಿಸಿ ಬಯ್ಯುತ್ತೇನೆ.

ದನಿ ತಗ್ಗಿಸದೆ ಬಯ್ದವರು ನಮ್ಮ ಸೀಮೆಯಲ್ಲೇ ಇದ್ದರು. ಧಾರವಾಡ ಜಿಲ್ಲೆ ಇನ್ನೂ ಒಡೆಯದೆ ಇದ್ದ ಕಾಲ. ಸರ್ಕಾರದ ಅರಣ್ಯ ನಿಗಮವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿದವು. ಸುಮಾರು 30,000 ಹೆಕ್ಟೇರ್ ಸಾಮೂಹಿಕ ಜಮೀನಿನಲ್ಲಿ ಕಾರ್ಖಾನೆಯ ತಿರುಳಿಗಾಗಿ ನೀಲಗಿರಿ ಎಬ್ಬಿಸುವುದು ಲೆಕ್ಕಾಚಾರ. ದನ ಮೇಯಿಸುತ್ತಿದ್ದ, ಉರುವಲು ಆಯುತ್ತಿದ್ದ, ಪತ್ರಾವಳಿ ಹಚ್ಚಲು ಮುತ್ತಲ ಎಲೆ ತರುತ್ತಿದ್ದ ಮಂದಿ ಎಲ್ಲಿಗೆ ಹೋಗಬೇಕು ಎಂಬುದು ಲೆಕ್ಕದಲ್ಲಿ ಇರಲಿಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಗಳಲ್ಲಿ ತಿರುಗಿತು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನವರೆಗೆ ಹೋದ ಅರ್ಜಿಗೆ ಹೆಗಲು ಕೊಟ್ಟರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸತ್ಯಾಗ್ರಹ ನಡೆಯಿತು. ಅದಕ್ಕೆ ಇಟ್ಟ ಹೆಸರು ಕಿತ್ತಿಕೋ-ಹಚ್ಚಿಕೋ. ಪೊಲೀಸರು ಹಿಡಿದು ವ್ಯಾನು ಹತ್ತಿಸುವುದರೊಳಗೆ ಸತ್ಯಾಗ್ರಹಿಗಳು ನೂರರಷ್ಟು ನೀಲಗಿರಿ ಸಸಿ ಕಿತ್ತು, ಅದೇ ತಗ್ಗಿನಲ್ಲಿ ಹಣ್ಣು-ಮೇವಿಗೆ ಬರುವ ಊರ ಗಿಡಗಳನ್ನು ಹಚ್ಚಿಬಿಟ್ಟರು. 1991ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ಹೊಸದಾಗಿ ನೀಲಗಿರಿ, ಅಕೇಸಿಯಾ ಬೆಳೆಸುವುದು ಬೇಡ ಎಂದು ರಾಜ್ಯ ಸರ್ಕಾರ ಆದೇಶ ಹೊರಡಿಸುವ ಹೊತ್ತಿಗೆ 2017 ಬಂದಿತ್ತು. ಚಳವಳಿಗಳಲ್ಲಿ ಕೀಳುವವರು ಬೇಕಾದಷ್ಟು ಸಿಗುತ್ತಾರೆ. ಜೇಬಿನಲ್ಲಿ ಬೇರೆ ಸಸಿ ಇಟ್ಟುಕೊಂಡೇ ಕೀಳಲು ಬಂದವರ ಬಗ್ಗೆ ನನಗೆ ಇಂದಿಗೂ ಪ್ರೀತಿ.

ಇದೆಲ್ಲ ಗುಡ್ಡ-ಗೋಮಾಳದ ಮಾತಾಯಿತು. ಹೊಲದ ಗಿಡಗಳನ್ನು ಕಡಿಸಲು ಯಾವ ಕಂಪನಿಯೂ ಬರಬೇಕಾಗಲಿಲ್ಲ, ನಾವೇ ಸಾಕಾದೆವು. ಬೈಲಹೊಂಗಲದ ಎರಿ ಹೊಲಗಳ ಬದುವಿನಲ್ಲಿ ಒಂದು ಕಾಲಕ್ಕೆ ಕರಿಜಾಲಿ ಇಲ್ಲದ ಬದುವಿರಲಿಲ್ಲ. ನಮ್ಮ ಅಜ್ಜನಿಗೆ ಗಿಡದ ಮೇಲೆಯೇ ರಂಟಿ ಕಾಣುತ್ತಿತ್ತು. ಯಾವ ಟೊಂಗೆ ಎಷ್ಟು ಬಾಗಿದೆ, ಯಾವುದು ಕೂರಿಗಿಯ ದಿಂಡಿಗೆ ಆದೀತು, ಯಾವುದನ್ನು ಇನ್ನೆರಡು ಮಳೆಗಾಲ ಬಿಟ್ಟರೆ ನೊಗಕ್ಕೆ ಬಂದೀತು ಎಂದು ಕೆಳಗೆ ಕೂತು ಮೇಲೆ ನೋಡುತ್ತಲೇ ಹೇಳುತ್ತಿದ್ದ. ಬಡಿಗೇರ ಕಾಕಾ ಬಂದರೆ ಇಬ್ಬರೂ ಗಿಡದ ಸುತ್ತ ತಿರುಗಿ, ಹೆಣ್ಣು ನೋಡಲು ಬಂದ ಬೀಗರಂತೆ ಪಿಸುಗುಟ್ಟುತ್ತಿದ್ದರು. ಕಾಯಿ ಆಡಿಗೆ, ಮುಳ್ಳು ಬೇಲಿಗೆ, ಅಂಟು ಬಾಣಂತಿಗೆ, ಕಡ್ಡಿ ಹಲ್ಲಿಗೆ.

ಬಾವಿಯ ಮೇಲೆ ಬಾಗಿದ ಜಾಲಿ ಮಾತ್ರ ಗೀಜಗಗಳದು. ಅದನ್ನು ಅಜ್ಜ ಎಂದೂ ಕಡಿಸಲಿಲ್ಲ. ಗಂಡು ಗೀಜಗ ಹುಲ್ಲಿನ ಎಳೆ ಸೀಳಿ ತಂದು, ಗೂಡನ್ನು ಅರ್ಧ ನೇದು, ಅದರ ಕೆಳಗೆ ಜೋತುಬಿದ್ದು ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು, ನೋಡಿ, ಮನಸ್ಸಿಗೆ ಬಾರದಿದ್ದರೆ ಮಾತಿಲ್ಲದೆ ಹಾರಿಹೋಗುತ್ತದೆ. ಪಾಸಾದ ಗೂಡಿಗೆ ಮಾತ್ರ ಉದ್ದ ಕೊಳವೆ ಇಳಿಯುತ್ತದೆ. ನಪಾಸಾದವು ಬಾವಿಗೆ ಬೀಳುತ್ತಿದ್ದವು, ನಾವು ಕೊಡದಿಂದ ಎತ್ತಿ ತಲೆಗೆ ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದೆವು. ನಮ್ಮ ಊರಿನ ವರಗಳ ಈಗಿನ ಪರಿಸ್ಥಿತಿ ಅಂದೇ ನಮ್ಮ ತಲೆಯ ಮೇಲೆ ಕೂತಿತ್ತು, ಗೊತ್ತಾಗಲಿಲ್ಲ.

ಟ್ರ್ಯಾಕ್ಟರ್ ಬಂದ ವರ್ಷ ಜಾಲಿಯ ನೌಕರಿ ಹೋಯಿತು. ಕಬ್ಬಿಣದ ರಂಟಿಗೆ ಜಾಲಿ ಏಕೆ ಬೇಕು? ಆಮೇಲೆ ನೆರಳಿಗೆ ಬೆಳೆ ಕೂಡ್ರುತ್ತದೆ ಎಂಬ ಲೆಕ್ಕ ಬಂತು, ಕಬ್ಬು ಬಂತು, ಜೇಸಿಬಿ ಬಂತು. ಬದುವೇ ಹೋದ ಮೇಲೆ ಬದುವಿನ ಗಿಡದ ಪ್ರಶ್ನೆಯೇ ಇಲ್ಲ. ಗೀಜಗಗಳು ಈಗ ಕರೆಂಟಿನ ತಂತಿಗೆ ಗೂಡು ನೇಯುತ್ತವೆ. ಕಾಳು ತಿನ್ನುವ ಹಕ್ಕಿ ಎಂದು ರೈತರು ಅದನ್ನು ಓಡಿಸುತ್ತಾರೆ, ಆದರೆ ಮರಿಗೆ ಅದು ಉಣಿಸುವುದರಲ್ಲಿ ಹುಳುಹುಪ್ಪಡಿಯ ಪಾಲೂ ಇರುತ್ತದೆ. ಮೊಟ್ಟೆಯಿಂದ ಹೊರಬಿದ್ದ ಕೂಸಿಗೆ ಜೋಳ ಕೊಟ್ಟರೆ ಹೇಗೆ ಅರಗೀತು? ಆ ಹುಳ ಎಲ್ಲಿಂದ ಬರಬೇಕು? ಇಲ್ಲಿಯ ಎಲೆ ತಿಂದು ಅರಗಿಸಿಕೊಳ್ಳಲು ಲಕ್ಷಾಂತರ ವರ್ಷ ತೆಗೆದುಕೊಂಡ ಹುಳಕ್ಕೆ ಇಲ್ಲಿಯ ಎಲೆಯೇ ಬೇಕು. ಹೊರದೇಶದ ಎಲೆಯ ವಿಷ ಅದಕ್ಕೆ ಹೊಸದು. ಊರ ಗಿಡ ಯಾಕೆ ಎಂಬುದಕ್ಕೆ ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಇರುವುದು ಬಹುಮಟ್ಟಿಗೆ ಈ ಊಟದ ಸಂಗತಿಯೇ.

ಅತ್ತಿಯ ಕಥೆ ಇದಕ್ಕಿಂತ ಬಿಗಿ. ಹಳ್ಳದ ಅತ್ತಿಗಿಡದ ಬೊಡ್ಡೆಗೆ ಅಂಟಿಕೊಂಡು ಕೆಂಪು ಹಣ್ಣು ಗೊಂಚಲು ಗೊಂಚಲಾಗಿ ಬಿಡುತ್ತಿದ್ದವು. ಬೇಸಿಗೆಯಲ್ಲಿ ಆಯಿಯ ಸಂಗಡ ಅಲ್ಲಿಗೆ ಹೋದರೆ ಆಕೆ ಹಣ್ಣನ್ನು ಎರಡು ಹೋಳು ಮಾಡಿ, ಊಫ್ ಎಂದು ಊದಿ, ಹಾರುವವು ಹಾರಿಹೋದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಮೂಗು ಮುರಿದರೆ, "ಹಣ್ಣು ಅವುಗಳದ್ದೋ ತಮ್ಮಾ, ನಾವು ನಡುವ ಬಂದೇವಿ," ಎನ್ನುತ್ತಿದ್ದಳು. ಆಯಿಗೆ ಸಸ್ಯಶಾಸ್ತ್ರ ಗೊತ್ತಿರಲಿಲ್ಲ, ಆದರೆ ಆಕೆ ಹೇಳಿದ್ದು ಅಕ್ಷರಶಃ ಸರಿ. ಅತ್ತಿಯ ಕಾಯಿ ಎಂದರೆ ಒಳಮುಖವಾಗಿ ಅರಳಿದ ನೂರಾರು ಹೂಗಳ ಚೀಲ. ತುದಿಯಲ್ಲಿ ಒಂದೇ ಒಂದು ಸಣ್ಣ ಬಾಗಿಲು. ಎಳ್ಳಿಗಿಂತ ಸಣ್ಣ ಹೆಣ್ಣು ಕಣಜವೊಂದು ಆ ಬಾಗಿಲಲ್ಲಿ ನುಸುಳುತ್ತದೆ. ಬಾಗಿಲು ಎಷ್ಟು ಇಕ್ಕಟ್ಟೆಂದರೆ ಅದರ ರೆಕ್ಕೆ ಹರಿದು ಹೊರಗೇ ಉಳಿಯುತ್ತದೆ. ಒಳಗೆ ಹೂಗಳಿಗೆ ಪರಾಗ ಕೊಟ್ಟು, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅದರ ಗಂಡುಮಕ್ಕಳಿಗೆ ರೆಕ್ಕೆಯೇ ಇಲ್ಲ. ಅವು ಹುಟ್ಟಿದ ಹಣ್ಣಿನೊಳಗೇ ಮದುವೆಯಾಗಿ, ಹೆಣ್ಣುಗಳು ಹೊರಹೋಗಲು ಗೋಡೆ ಕೊರೆದು ದಾರಿ ಮಾಡಿ ಸತ್ತುಹೋಗುತ್ತವೆ. ಮೈತುಂಬ ಪರಾಗ ಹೊತ್ತ ಹೆಣ್ಣುಗಳು ಹಾರಿ ಇನ್ನೊಂದು ಅತ್ತಿ ಹುಡುಕಬೇಕು. ಆಯಸ್ಸು ಒಂದೆರಡು ದಿನ. ಗಾಳಿ ಹಿಡಿದು ಮೈಲುಗಟ್ಟಲೆ ಹೋಗಬಲ್ಲವು, ಆದರೆ ಆ ಮೈಲುಗಳ ಒಳಗೆ, ಅದೇ ವಾರ ಎಳೆಕಾಯಿ ಬಿಟ್ಟ ಅತ್ತಿ ಇರಬೇಕು. ಆಲ ಸಿಕ್ಕರೆ ಆಗದು, ಅರಳಿ ಸಿಕ್ಕರೆ ಆಗದು, ಅವಕ್ಕೆ ಅವುಗಳದೇ ಕಣಜ ಬೇರೆ. ಹಾಗಾಗಿ ಊರಿಗೊಂದು ಅತ್ತಿ ಉಳಿಸಿ, ಅದಕ್ಕೊಂದು ಕಟ್ಟೆ ಕಟ್ಟಿ, ಬಣ್ಣ ಬಳಿದರೆ ನಮಗೆ ಪುಣ್ಯ ಬರಬಹುದು, ಕಣಜಕ್ಕೆ ದಾರಿ ಸಿಗುವುದಿಲ್ಲ. ಹಳ್ಳದುದ್ದಕ್ಕೂ ಅತ್ತಿ ಇರಬೇಕು, ಊರಿಂದೂರಿಗೆ ಇರಬೇಕು.

ಅವು ಇದ್ದರೆ ಏಪ್ರಿಲ್ ಬಿಸಿಲಲ್ಲಿ ಬೇರೆಲ್ಲ ಗಿಡ ಬರಿಗೈಯಲ್ಲಿ ನಿಂತಾಗಲೂ ಪಿಕಳಾರ, ಕುಟ್ರಹಕ್ಕಿ, ಕೋಗಿಲೆ, ಹಸಿರು ಪಾರಿವಾಳ, ರಾತ್ರಿ ಪಾಳಿಗೆ ಬಾವಲಿ, ಎಲ್ಲಕ್ಕೂ ಊಟ. ತಿಂದವರು ಸಾಲ ಇಟ್ಟುಕೊಳ್ಳುವುದಿಲ್ಲ. ಗುಡಿಯ ಶಿಖರ, ಕೋಟೆಯ ಸಂದಿ, ಹಾಳುಬಾವಿಯ ಒಳಗೋಡೆ, ಎಲ್ಲೆಲ್ಲೂ ಬೀಜ ಹಚ್ಚುತ್ತಾ ಹೋಗುತ್ತಾರೆ. ಹಕ್ಕಿ ಹಚ್ಚಿದ್ದನ್ನು ಒಂದು ಇಲಾಖೆ ಗೋಡೆ ಬಿರಿದೀತೆಂದು ಕೀಳುತ್ತದೆ, ಮತ್ತೊಂದು ಇಲಾಖೆ ತಗ್ಗು ತೋಡಿ ಬೇರೇನನ್ನೋ ಹಚ್ಚಿ ಫೋಟೊ ತೆಗೆಸಿಕೊಳ್ಳುತ್ತದೆ. ಆಲವನ್ನು ಮಾತ್ರ ನಮ್ಮವರು ಕೀಳಲು ಅಂಜುತ್ತಾರೆ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಇಂಗ್ಲಿಷರು ಗಲ್ಲಿಗೇರಿಸಿದ್ದು ಆಲದ ಗಿಡಕ್ಕೆ. ಅವನ ಸಮಾಧಿಯ ಮೇಲಿನ ಆಲಕ್ಕೆ ಮಕ್ಕಳಾಗದವರು ಇಂದಿಗೂ ತೊಟ್ಟಿಲು ಕಟ್ಟುತ್ತಾರೆ. ಆ ಜಾಗದಲ್ಲಿ ಅಕೇಸಿಯಾ ಇದ್ದಿದ್ದರೆ ಯಾರು ತೊಟ್ಟಿಲು ಕಟ್ಟುತ್ತಿದ್ದರು, ಯೋಚಿಸಿ.

ಬನ್ನಿಯ ಪಾಡು ಬೇರೆ. ಪಾಂಡವರು ಆಯುಧ ಇಟ್ಟ ಗಿಡ, ರಾಜಸ್ಥಾನದಲ್ಲಿ 1730ರಲ್ಲಿ 363 ಬಿಷ್ಣೋಯಿಗಳು ಕೊಡಲಿಗೆ ತಲೆಕೊಟ್ಟು ಕಾಯ್ದ ಗಿಡ. ನಮ್ಮಲ್ಲಿ ಅದಕ್ಕೆ ವರ್ಷಕ್ಕೊಂದೇ ದಿನ ಮರ್ಯಾದೆ. ವಿಜಯದಶಮಿಯ ಸಂಜೆ ಬನ್ನಿ ತಗೊಂಡು ಬಂಗಾರದಂಗ ಇರೋಣು ಎಂದು ಎಲ್ಲರೂ ಎಲ್ಲರಿಗೂ ಎಲೆ ಕೊಡುವ ಆ ಹೊತ್ತು ನನಗೆ ಬಹಳ ಇಷ್ಟ. ವರ್ಷವಿಡೀ ಬದುವಿನ ತಕರಾರಿನಲ್ಲಿ ಮಾತು ಬಿಟ್ಟವರೂ ಅಂದು ಕೈಹಿಡಿಯುತ್ತಾರೆ. ಊರು ಬೆಳೆದು, ಬನ್ನಿಗಿಡ ಕಡಿಮೆಯಾಗಿ, ಈಗ ಎಲೆ ಪೇಟೆಯಲ್ಲಿ ಸಿವುಡು ಕಟ್ಟಿ ಮಾರಾಟಕ್ಕೆ ಬರುತ್ತದೆ. ಹೋದ ದಸರೆಗೆ ಪಕ್ಕದ ಮನೆಯವರು ಕೊಟ್ಟ ಎಲೆ ನೋಡಿದರೆ ಬನ್ನಿಯ ಹಾಗೆ ಇತ್ತು, ಬನ್ನಿ ಅಲ್ಲ. ಬಳ್ಳಾರಿ ಜಾಲಿ! ದೂರದ ದಾಯಾದಿ, 1870ರ ದಶಕದಲ್ಲಿ ಅಮೆರಿಕದ ಕಡೆಯಿಂದ ಬಂದು ಬರಗಾಲದ ಉರುವಲಿಗೆಂದು ಹಬ್ಬಿಸಿ, ಈಗ ಕೆರೆಯಂಗಳಗಳನ್ನೆಲ್ಲ ನುಂಗಿದ ಗಿಡ. ಹಬ್ಬದ ದಿನ ತಕರಾರು ಬೇಡವೆಂದು ಕಣ್ಣಿಗೊತ್ತಿಕೊಂಡೆ. ಮನೆಯಾಕೆ ಒಳಗೆ ಬಂದು, "ಇದು ಒಂದ ಗ್ರಾಮಿನ ಬಂಗಾರ ಬಿಡ್ರಿ, ತಿಜೋರ್ಯಾಗ ಇಡೋದ ಬ್ಯಾಡ," ಎಂದಳು.

ನಮ್ಮ ಹಿತ್ತಲಲ್ಲೇ ಒಂದು ಬನ್ನಿ ಹಚ್ಚಿದರಾಯಿತು ಎಂದು ನರ್ಸರಿಗೆ ಹೋದೆ. ಯಾವ ನರ್ಸರಿ ಎಂಬುದು ಮುಖ್ಯವಲ್ಲ, ಎಲ್ಲ ಕಡೆ ಅದೇ ಗುಲಾಬಿ, ಅದೇ ಕ್ರೋಟನ್, ಅದೇ ಅರೆಕಾ ಪಾಮ್, ಪಾಲಿಥಿನ್ ಚೀಲದಲ್ಲಿ ಬಾಯಿ ಬಿಡುತ್ತಿರುವ ಅದೇ ಕೊನೊಕಾರ್ಪಸ್. ಅದನ್ನು ಗುಜರಾತ್ ಸರ್ಕಾರ 2023ರಲ್ಲೇ ಬೇಡವೆಂದಿದೆ. ಬನ್ನಿ ಕೇಳಿದೆ. ಹುಡುಗ ಮೊಬೈಲು ತೆಗೆದು ನೋಡಿದ. ಮುತ್ತಲ ಕೇಳಿದೆ. ಬಳವಲ, ಪತ್ರಿ, ಚಳ್ಳೆ, ಬಾರಿ ಎಂದು ಒಂದೊಂದಾಗಿ ಕೇಳುತ್ತಾ ಹೋದಂತೆ ಅವನಿಗೆ ನನ್ನ ತಲೆಯ ಮೇಲೆಯೇ ಸಂಶಯ ಬಂತು.

"ಕಾಕಾರ, ಅವೆಲ್ಲಾ ತಾವ ಬೆಳಿಯೂ ಗಿಡ್ರಿ. ಅವನ್ನ ಯಾರರ ರೊಕ್ಕಾ ಕೊಟ್ಟು ಹಚ್ಚತಾರೇನ್ರಿ?"

ಹುಡುಗ ನೂರಕ್ಕೆ ನೂರು ಸರಿ. ತಾವೇ ಬೆಳೆಯುತ್ತವೆ ಎಂದೇ ಯಾರೂ ಹಚ್ಚಲಿಲ್ಲ, ಯಾರೂ ಹಚ್ಚದ್ದನ್ನು ನರ್ಸರಿ ಬೆಳೆಸಲಿಲ್ಲ, ನರ್ಸರಿಯಲ್ಲಿ ಇಲ್ಲದ್ದು ಪಟ್ಟಿಯಲ್ಲಿ ಬರಲಿಲ್ಲ, ಪಟ್ಟಿಯಲ್ಲಿ ಇಲ್ಲದ್ದನ್ನು ಕಡಿದರೆ ಯಾರೂ ಕೇಳಲಿಲ್ಲ. ಮುತ್ತಲವನ್ನೇ ನೋಡಿ. ಶಿವರಾತ್ರಿಯ ಆಸುಪಾಸಿನಲ್ಲಿ ಒಂದೂ ಎಲೆಯಿಲ್ಲದೆ ಗಿಡಕ್ಕೆ ಗಿಡವೇ ಕೆಂಪಗೆ ಹೂಬಿಟ್ಟಾಗ ಮಕರಂದ ಹೀರಲು ಬರುವ ಗೊರವಂಕ, ಪಿಕಳಾರ, ಸೂರಕ್ಕಿಗಳ ಗದ್ದಲ ಕೇಳಬೇಕು, ತಾಲ್ಲೂಕು ಪಂಚಾಯಿತಿ ಮೀಟಿಂಗ್ ಅದರ ಮುಂದೆ ಏನೂ ಅಲ್ಲ. ಅಂಥ ಗಿಡ ಪತ್ರಾವಳಿ ಹೋಗಿ ಪ್ಲಾಸ್ಟಿಕ್ ತಟ್ಟೆ ಬಂದ ಕೂಡಲೇ ನಿರುದ್ಯೋಗಿ ಎನಿಸಿಕೊಂಡಿತು.

ಮದುವೆಗಳಲ್ಲಿ ಸಸಿ ಕೊಡುವ ಪದ್ಧತಿ ಬಂದದ್ದು ಒಳ್ಳೆಯದೇ. ಈ ಸೀಮೆಯಲ್ಲಿ ಈಗ ಅಕ್ಕಿಕಾಳು ಬೀಳುವ ಮೊದಲೇ ಬಾಗಿಲಲ್ಲಿ ಸಸಿ ಕೈಗೆ ಬರುತ್ತದೆ. ಇದು ಯಾವ ಗಿಡ ಎಂದು ಕೊಡುವವರನ್ನು ಕೇಳಿದರೆ, "ಆಕ್ಸಿಜನ್ ಗಿಡಾರೀ," ಎನ್ನುತ್ತಾರೆ. ಕೊರೋನಾ ಆದಮೇಲೆ ಎಲ್ಲ ಗಿಡಗಳ ಹೆಸರೂ ಒಂದೇ ಆಗಿದೆ.

ಊರ ಗಿಡ ಎಂದಾಗ ಕೆಲವರ ಕಣ್ಣು ಕೆಂಪಗಾಗುತ್ತದೆ, ಹೊರಗಿನವುಗಳನ್ನೆಲ್ಲ ಓಡಿಸಿ ಎಂದು ಹೊರಡುತ್ತಾರೆ. ಆ ಜಾತಿಯ ಉತ್ಸಾಹ ನನ್ನದಲ್ಲ. ಹುಣಸೆ ಆಫ್ರಿಕಾದಿಂದ ಬಂದದ್ದು. ಎಂದು ಬಂತೋ ಯಾರಿಗೂ ನೆನಪಿಲ್ಲದಷ್ಟು ಹಿಂದೆ ಬಂದು, ಸಾರಿನಲ್ಲಿ ಕರಗಿ, ದೆವ್ವಗಳಿಗೂ ಇಲ್ಲೇ ಮನೆ ಮಾಡಿಕೊಟ್ಟಿದೆ. ಅದರ ಹತ್ತಿರ ಆಧಾರ್ ಕಾರ್ಡು ಕೇಳುವ ಧೈರ್ಯ ಯಾರಿಗಿದೆ? ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆಯ ಬೆನ್ನು ಹತ್ತಿ ಊರವರಿಂದ ಹುಣಸೆ ಹುಚ್ಚ ಎನಿಸಿಕೊಂಡು, ಹುಣಸೆಬೀಜ ಬಿಡಿಸುವ ಯಂತ್ರವನ್ನೂ ಇನ್ನೂ ಹಲವು ಕೃಷಿ ಸಲಕರಣೆಗಳನ್ನೂ ಮಾಡಿ, 2022ರಲ್ಲಿ ಪದ್ಮಶ್ರೀ ಪಡೆದರು. ಬ್ಯಾಡಗಿಯ ಮೆಣಸಿನಕಾಯಿಯೂ ಮೂಲದಲ್ಲಿ ಅಮೆರಿಕದ್ದು. ಹೊರಗಿನದೆಲ್ಲ ಬೇಡ ಎಂದರೆ ನಮ್ಮ ರೊಟ್ಟಿಗೆ ರಂಜಕವೂ ಇರುವುದಿಲ್ಲ. ಆದರೆ ಹಿತ್ತಲಲ್ಲಿ ಮೆಣಸಿನಗಿಡ ಬೆಳೆಯುವುದು ಬೇರೆ, ಕಾಡು ಮತ್ತೆ ಎಬ್ಬಿಸುತ್ತೇನೆ ಎಂದು ಗುಡ್ಡಕ್ಕೆ ಹೋಗುವುದು ಬೇರೆ.

ಗುಡ್ಡಕ್ಕೆ ಹೋಗುವವರಿಗೂ ಒಂದು ಮಾತು. ಕಿತ್ತೂರಿನ ಗಿಡ ರಾಮದುರ್ಗಕ್ಕೆ ಪರದೇಶಿಯೇ. ಒಂದೇ ಜಿಲ್ಲೆ ನಿಜ, ಆದರೆ ಕಿತ್ತೂರಿಗೆ ಮಲೆನಾಡಿನ ಸೆರಗು ತಾಗುತ್ತದೆ, ಅಲ್ಲಿ ಮತ್ತಿ, ತಾರಿ, ದಿಂಡಲ ಏಳುತ್ತವೆ. ಬಸ್ಸು ಬೈಲಹೊಂಗಲ ದಾಟಿ ಸವದತ್ತಿಗೆ ಬರುವ ಹೊತ್ತಿಗೆ ಗಾಳಿಯ ಪಸೆ ಆರುತ್ತದೆ, ಎಲ್ಲಮ್ಮನ ಗುಡ್ಡದ ಕಲ್ಲಿನ ನಡುವೆ ಬೇವು ಮತ್ತು ಕಂಟಿ. ಮಲಪ್ರಭೆ ಕಲ್ಲು ಸೀಳಿಕೊಂಡು ಹೊರಡುವ ನವಿಲುತೀರ್ಥದ ಆಚೆ, ರಾಮದುರ್ಗದ ಕಡೆಗೆ, ಗುಡ್ಡಗಳು ಗಿಡಗಳಿಗಿಂತ ಹುಲ್ಲಿನವು. ಅದನ್ನು ನೋಡಿ ಬೋಳು ಗುಡ್ಡ ಎಂದು ಮರುಗಿ ಒತ್ತೊತ್ತಾಗಿ ಸಸಿ ತುಂಬುವವರಿಗೆ ರಾಣೆಬೆನ್ನೂರು ತೋರಿಸಬೇಕು. ಅಲ್ಲಿಯ ಹುಲ್ಲುಗಾವಲಿನಲ್ಲಿ ನೀಲಗಿರಿ ಎಬ್ಬಿಸಿದರು. 1974ರಲ್ಲಿ ಅದು ಕೃಷ್ಣಮೃಗಗಳ ಅಭಯಾರಣ್ಯವೂ ಆಯಿತು. ಬಯಲಿನ ಹಕ್ಕಿಯಾದ ಎರ್ಲಡ್ಡು, ಪೇಪರಿನವರ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಲ್ಲಿ ಕಾಣದಾಯಿತು. ದೂರದವರೆಗೆ ನೋಡಿ ಬದುಕುವ ಪ್ರಾಣಿಗೆ ಕಣ್ಣೆದುರು ಗಿಡ ನಿಲ್ಲಿಸಿದರೆ ಅದೂ ಒಂದು ಬಗೆಯ ಕಡಿತವೇ. ಗೌಜಲಕ್ಕಿಗೂ ತೋಳಕ್ಕೂ ಬೇಕಾದದ್ದು ಹುಲ್ಲು, ನಡುನಡುವೆ ಕಂಟಿ, ಎಲ್ಲೋ ಒಂದು ಜಾಲಿ. ಕೆಲವು ಕಡೆ ಏನೂ ಹಚ್ಚದೆ ಸುಮ್ಮನಿರುವುದು ದೊಡ್ಡ ಕೆಲಸ. ಅದಕ್ಕೆ ಬ್ಯಾನರ್ ಕಟ್ಟಲು ಬರುವುದಿಲ್ಲ ಎಂಬುದೊಂದೇ ತೊಡಕು.

ಸುರೇಬಾನದ ಶಬರಿಕೊಳ್ಳಕ್ಕೆ ಹೋದಾಗ ನನಗೆ ಮುಳ್ಳಿನ ವಿಚಾರ ಹೊಳೆಯಿತು. ಶಬರಿ ರಾಮನಿಗೆ ಬಾರಿಹಣ್ಣು ಕಚ್ಚಿ ನೋಡಿ ಕೊಟ್ಟ ಜಾಗ ಇದೇ ಎಂದು ಇಲ್ಲಿಯವರು ನಂಬಿದ್ದಾರೆ. ನಾನೂ ನಂಬುತ್ತೇನೆ, ಸುತ್ತಲ ಗುಡ್ಡ ನೋಡಿದರೆ ಆಕೆ ಬೇರೆ ಹಣ್ಣು ಕೊಡಲು ಸಾಧ್ಯವೇ ಇರಲಿಲ್ಲ. ರಾಮ ತಿಂದದ್ದು ಒಂದು ದಿನ. ಉಳಿದ ದಿನಗಳಲ್ಲಿ ಆ ಹಣ್ಣು ತಿಂದು ಬೀಜವನ್ನು ಗುಡ್ಡದಿಂದ ಗುಡ್ಡಕ್ಕೆ ಒಯ್ದು ಹಾಕುವವು ನರಿಗಳು. ಪಂಚೆ ಸಿಕ್ಕಿಹಾಕಿಕೊಂಡು, ಕಂಟಿಯಿಂದ ಬಿಡಿಸಿಕೊಳ್ಳಲು ಹೆಣಗುತ್ತಾ ನೋಡಿದರೆ ಕೈಗೆ ಸಿಕ್ಕಿದ್ದೆಲ್ಲ ಮುಳ್ಳು. ಬಾರಿಗೆ ಮುಳ್ಳು, ಜಾಲಿಗೆ ಮುಳ್ಳು, ಬನ್ನಿಗೆ ಮುಳ್ಳು, ಕವಳಿಗೆ, ಕಾರಿಗೆ, ಪರಗಿಗೆ, ಬಳವಲಕ್ಕೆ, ಶಿವನಿಗೆ ಏರಿಸುವ ಪತ್ರಿಗೂ ಮುಳ್ಳು. ನೀಲಗಿರಿಗಿಲ್ಲ. ಯಾರೂ ಬಯಸದ ಗಿಡಕ್ಕೆ ಮುಳ್ಳು ಯಾತಕ್ಕೆ? ಸಾವಿರಾರು ವರ್ಷ ಜಿಂಕೆ, ಚಿಗರಿ, ಆಡು ಬಂದು ಬಂದು ತಿಂದ ಗಿಡವೇ ಮೈಮೇಲೆ ಮುಳ್ಳು ಮಾಡಿಕೊಂಡು, ತಿನ್ನು, ಆದರೆ ಸಾವಕಾಶ ತಿನ್ನು ಎಂದು ಕರಾರು ಮಾಡಿಕೊಂಡಿದೆ. ಈ ತತ್ತ್ವ ಹೊಳೆದ ಸಂತೋಷದಲ್ಲಿ ಪಂಚೆ ಹರಿದದ್ದು ಗೊತ್ತಾಗಲಿಲ್ಲ.

ತತ್ತ್ವವನ್ನು ಮನೆಯಲ್ಲಿ ಹೇಳುವ ಸಂದರ್ಭ ಬೇಗನೆ ಒದಗಿತು. ತಂಗಿಯ ಮಗನ ಮದುವೆ ಗೊತ್ತಾಗಿ, ಬಂದವರಿಗೆ ಸಸಿ ಕೊಡುವುದೆಂದು ಎರಡೂ ಕಡೆಯವರು ಒಪ್ಪಿದ್ದರು. ನರ್ಸರಿಯ ಹುಡುಗ, "ಒಟ್ಟಿಗೆ ಹೇಳಿದ್ರ ಬೀಜಾ ಹಾಕಿ ಮಾಡಿಕೊಡ್ತೀನ್ರಿ," ಎಂದಿದ್ದ. ನಾನು ಬನ್ನಿ ಎಂದೆ.

"ಅಣ್ಣಾರ, ಮದುವಿ ಮನ್ಯಾಗ ಮುಳ್ಳಿನ ಗಿಡಾ ಕೊಡ್ತಾರೇನ್ರಿ?" ಎಂದು ಬೀಗತಿ ಎದೆ ಮುಟ್ಟಿಕೊಂಡರು.

ಪತ್ರಿ ಎಂದೆ. ಅದಕ್ಕೂ ಮುಳ್ಳು. ಬಾರಿ, ಬಳವಲ ಎನ್ನುವುದರೊಳಗೆ ತಂಗಿ ನನ್ನ ಕಾಲು ತುಳಿದಳು. ಮುತ್ತಲಕ್ಕೆ ಮುಳ್ಳಿಲ್ಲ, ಆದರೆ ಬೀಜ ಆಯುವ ಕಾಲ ಮೀರುತ್ತಿದೆ ಎಂದು ಹುಡುಗ ಫೋನಿನಲ್ಲೇ ಕೈಚೆಲ್ಲಿದ. ಅತ್ತಿ ಮನೆ ಮುಂದೆ ಆಗಿಬರುವುದಿಲ್ಲವಂತೆ. ಬೇವು ಕಹಿ, ಶುಭಕಾರ್ಯಕ್ಕೆ ಬೇಡ. ಕಡೆಗೆ ಉಳಿದದ್ದು ಹುಲಗಲ, ದಕ್ಷಿಣದವರ ಹೊಂಗೆ. ಮುಳ್ಳಿಲ್ಲ, ಕಹಿ ಎಂದು ಎಲ್ಲರಿಗೂ ಗೊತ್ತಿಲ್ಲ, ಚೈತ್ರದಲ್ಲಿ ಚಿಗುರು ಚೆಂದ, ಜೇನಿಗೆ ಹೂ ಬೇಕಾದಷ್ಟು. ಹುಡುಗ ಒಂದು ಮಾದರಿ ಸಸಿ ತಂದ. ಬೀಗತಿ ಕನ್ನಡಕ ಏರಿಸಿ ಎಲೆ ತಿರುವಿ ನೋಡಿದರು. ಎಲೆಯ ಮೇಲೆ ಹುಳ ಒಳಗೊಳಗೇ ಕೊರೆದುಕೊಂಡು ಹೋದ ಬಿಳಿ ಗೆರೆಗಳು ಸುರುಳಿ ಸುರುಳಿಯಾಗಿ ಇದ್ದವು.

"ಯವ್ವಾ, ಇದಕ್ಕ ಈಗ ಹುಳ ಬಿದ್ದಾವಲ್ರಿ!"

ಅದೇ ಅದರ ಸರ್ಟಿಫಿಕೇಟು ಎಂದು ನಾನು ಶುರುಮಾಡಿದೆ. ಎಲೆಗೆ ಹುಳ, ಹುಳಕ್ಕೆ ಹಕ್ಕಿ, ಹಕ್ಕಿಯಿಂದ ಬೀಜ, ಬೀಜದಿಂದ ಕಾಡು ಎಂದು ಕುಸನೂರಿನವರೆಗೆ ಬಂದಿದ್ದೆ. ಬೀಗರು ಚಹಾ ಮುಗಿಸಿ ಗಡಿಯಾರ ನೋಡಿದರು. ಬೀಗತಿಗೆ ನನ್ನ ಮೇಲೆ ಕನಿಕರ ಬಂದಿರಬೇಕು.

"ಆತು ಬಿಡ್ರಿ ಅಣ್ಣಾರ, ನೀವು ಹಿರ್ಯಾರು, ನಿಮ್ಮ ಮಾತು ಯಾಕ ಮುರಿಯೂದು? ಹುಲಗಲನ ಕೊಡೋಣು," ಎಂದರು. "ಆದ್ರ ಚೀಲದ ಮ್ಯಾಲ ಮಾತ್ರ ಆಕ್ಸಿಜನ್ ಗಿಡ ಅಂತ ಬರಸ್ರಿ. ಇಲ್ಲಾಂದ್ರ ಮಂದಿ ಕಲ್ಯಾಣ ಮಂಟಪದಾಗ ಬಿಟ್ಟು ಹೋಗ್ತಾರ."